ತೋಳು ಸಡಿಲ, ಸೊಂಟ ಬಿಗಿ

ನಿಮಗೆ ಗೊತ್ತಿರುವ ಯಾರದಾದರೂ ಮುಖ ನೋಡನೋಡುತ್ತಲೇ ತಟ್ಟೆಯಂತೆ ಗುಂಡಗಾಗಿ, ಕೆನ್ನೆ ಕೆಂಪೇರಿ, ಕೈಕಾಲು ಮಾತ್ರ ಕಡ್ಡಿಯಾಗಿದ್ದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿ ತಮಾಷೆ ಮಾಡಿದ್ದೇನೆ.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ, ಹದಿನೈದು ವರ್ಷ ನನ್ನ ಬ್ಲೌಸ್ ಹೊಲಿದ ಟೈಲರ್ ಅಕ್ಕನ ಮುಖ ಅದು. ಅಳತೆ ತೆಗೆಯುವಾಗ ಯಾರ ಮೈ ಬಗ್ಗೆಯೂ ಒಂದು ಮಾತಾಡಿದವರಲ್ಲ. "ಒಳಗೆ ಬಟ್ಟೆ ಬಿಟ್ಟಿದೀನಿ ಮೇಡಂ, ಬೇಕಾದಾಗ ಹೊಲಿಗೆ ಬಿಚ್ಕೊಳ್ಳಿ," ಅಷ್ಟೇ.

ಒಂದು ದಿನ ಬೆಳಗ್ಗೆ ಅವರ ಬೆರಳ ಗೆಣ್ಣುಗಳು ಊದಿ ಕತ್ತರಿ ಹಿಡಿಯಲಾಗುತ್ತಿರಲಿಲ್ಲ. ನನ್ನ ಉಬ್ಬಸಕ್ಕೆ ಬರೆದುಕೊಟ್ಟಿದ್ದ ಸ್ಟೆರಾಯ್ಡ್ ಮಾತ್ರೆ ನಾಲ್ಕು ಉಳಿದಿದ್ದವು. ಕೊಟ್ಟೆ. ಎರಡೇ ದಿನದಲ್ಲಿ ಮಿಷನ್ ಸದ್ದು ರಸ್ತೆಗೆ ಕೇಳುತ್ತಿತ್ತು. "ನಿಮ್ಮ ಕೈಗುಣ ಮೇಡಂ," ಎಂದರು. ನಾನೂ ಬೀಗಿದೆ. ಅಕ್ಕ ಖಾಲಿ ಸ್ಟ್ರಿಪ್ಪನ್ನು ಪರ್ಸಿನಲ್ಲಿಟ್ಟುಕೊಂಡು ಮೆಡಿಕಲ್ ಶಾಪಿನಲ್ಲಿ ತೋರಿಸಿ ಅದನ್ನೇ ಕೊಳ್ಳತೊಡಗಿದರು. ನನಗೆ ಗೊತ್ತಿತ್ತು. ತಡೆಯಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಮುಖ ಉಬ್ಬಿತು. ಕತ್ತಿನ ಹಿಂದೆ ಮಾಂಸದ ದಿಂಡು. ಮೇಜು ತಾಗಿದರೂ ಚರ್ಮ ನೀಲಿಗಟ್ಟುತ್ತಿತ್ತು. ಸ್ಟೂಲಿನಿಂದ ಏಳಲು ಗೋಡೆ ಹಿಡಿಯಬೇಕಿತ್ತು.

"ವಿಚಿತ್ರ ಮೇಡಂ," ಎಂದರು ಒಮ್ಮೆ, ತಮ್ಮದೇ ಬ್ಲೌಸಿನ ಹೊಲಿಗೆ ಬಿಚ್ಚುತ್ತಾ. "ಸೊಂಟ ಬಿಡಿಸ್ತಾನೇ ಇದೀನಿ, ತೋಳು ಹಿಡೀತಾನೇ ಇದೀನಿ. ದಪ್ಪ ಆದ್ರೆ ಎಲ್ಲಾ ಕಡೆ ಆಗ್ಬೇಕಲ್ವಾ? ಹೊಟ್ಟೆ ಮೇಲೆ ನೇರಳೆ ಗೆರೆ ಬೇರೆ."

"ಮಗಳ ಮದುವೆ ಆಯ್ತಲ್ಲ ಅಕ್ಕಾ, ನೆಮ್ಮದಿ. ಅದಕ್ಕೇ ಮುಖ ತುಂಬ್ಕೊಂಡಿದೆ," ಎಂದು ನಕ್ಕೆ.

ಉಬ್ಬಸಕ್ಕೆಂದು ಮತ್ತೆ ಡಾಕ್ಟರ ಬಳಿ ಹೋದಾಗ ಅವರು ಎಚ್ಚರಿಸಿದರು: ಈ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಮೈಯೇ ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಅತಿಯಾದಂತೆಯೇ ಆಗಿ, ಮುಖ ಊದುತ್ತದೆ, ಕೈಕಾಲು ಸೊರಗುತ್ತವೆ. ಕೆಲವರಿಗೆ ಆ ಹಾರ್ಮೋನಿನ ಗ್ರಂಥಿಯಲ್ಲಿ ಗಡ್ಡೆ ಬಂದೂ ಹೀಗಾಗುವುದುಂಟು. ಅವರು ಹೇಳಿದ ಒಂದೊಂದು ಲಕ್ಷಣಕ್ಕೂ ಅಕ್ಕ ಕಣ್ಣ ಮುಂದೆ ಬಂದರು. ನೇರ ಅಂಗಡಿಗೆ ಹೋಗಿ, ಪರ್ಸಿನಿಂದ ಮಾತ್ರೆಯ ಸ್ಟ್ರಿಪ್ ಕಿತ್ತು ಮೋರಿಗೆಸೆದೆ. "ಇವತ್ತಿಂದ ಒಂದೂ ಮುಟ್ಬಾರ್ದು." ನನ್ನ ಮಾತೆಂದು ಅಕ್ಕ ಹಾಗೇ ಮಾಡಿದರು.

ನಾಲ್ಕನೇ ದಿನ ವಾಂತಿ ಮಾಡಿಕೊಂಡು ಕುಸಿದುಬಿದ್ದರು.

"ಮಾತ್ರೆ ಬರ್ತಿದ್ರೆ ಮೈ ತಾನೇ ಮಾಡ್ಕೋಬೇಕಾದ ಹಾರ್ಮೋನ್ ಮಾಡೋದು ಬಿಟ್ಟಿರುತ್ತೆ," ಎಂದರು ಆಸ್ಪತ್ರೆಯ ಡಾಕ್ಟರ್. "ಸ್ವಲ್ಪಸ್ವಲ್ಪ ಇಳಿಸ್ಬೇಕಿತ್ತು. ಯಾರು ಕೊಟ್ಟಿದ್ದು? ಯಾರು ನಿಲ್ಸಿದ್ದು?"

ನಾನು ಮಂಚದ ಪಕ್ಕದಲ್ಲೇ ಇದ್ದೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಎಲ್ಲಾ ನಾನೇ ಸಾರ್," ಎಂದರು. ನಾನು ಬಾಯಿ ಬಿಡಲಿಲ್ಲ. ಶ್ವಾಸಕೋಶಕ್ಕೆ ಸೋಂಕು ತಗುಲಿ, ಆಸ್ಪತ್ರೆ ಸೇರಿದ ಆರನೇ ದಿನ ಹೋಗಿಬಿಟ್ಟರು.

ಅವರ ಮಗಳಿಗೆ ಇದನ್ನೆಲ್ಲ ಹೇಳಿದ್ದು ನಿನ್ನೆ. ಕೇಳಿಸಿಕೊಂಡಳು. "ಇಷ್ಟು ದಿನ ಅಮ್ಮಂಗೇ ಬೈಕೋತಿದ್ದೆ ಆಂಟಿ," ಎಂದು ಬಾಗಿಲು ಹಾಕಿಕೊಂಡಳು.

ಈ ಮಾತ್ರೆ ನುಂಗುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ ನನ್ನ ಹಾಗೆ ಕಿತ್ತೆಸೆಯಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಿಮ್ಮ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಟ್ಟಿದ್ದೀರಾ? ಆಮೇಲೇನಾಯಿತು, ಕೆಳಗೆ ಬರೆಯಿರಿ. ನನ್ನನ್ನು ಬೈಯಬೇಕೆನಿಸಿದರೆ ಅದನ್ನೂ ಬರೆಯಿರಿ. ಅಳಿಸುವುದಿಲ್ಲ.