ಸೌನಾದಲ್ಲಿ ಬೆಂದ ಬಿಲ್ಲು

ಕಿವೆಲ ಊರಿನಲ್ಲಿ ಬಿಲ್ಲಿನ ವಿಚಾರವಾಗಿ ಯಾರಿಗೆ ಏನು ಸಂಶಯ ಬಂದರೂ ಆರ್ವೊ ಕೆಸ್ಕಿಟಾಲೊನನ್ನು ಕೇಳುವ ಅಗತ್ಯವಿರಲಿಲ್ಲ. ಕೇಳುವುದಕ್ಕೆ ಮೊದಲೇ ಆತ ಹೇಳಿಬಿಡುತ್ತಿದ್ದ. ಮಿಷಿಗನ್ನಿನ ಈ ಬಡಗಣ ತುದಿಯಲ್ಲಿ ಮೂವತ್ತಾರು ವರ್ಷ ಸರ್ಕಾರದ ಹಿಮ ಗೋರುವ ಲಾರಿ ಓಡಿಸಿ ನಿವೃತ್ತನಾದ ಆಸಾಮಿ. ಅಷ್ಟು ವರ್ಷ ಲಾರಿಯಲ್ಲಿ ಒಬ್ಬನೇ ಕೂತು ಆಡದೆ ಉಳಿದ ಮಾತನ್ನೆಲ್ಲ ಈಗ ಊರಿನ ಮೇಲೆ ಸುರಿಯುತ್ತಿದ್ದ.

ಅವನ ಬಿಲ್ಲು ಅಪ್ಪ ನೀಲೊನದು. ತುದಿಗಳು ಹೊರಕ್ಕೆ ಬಾಗಿದ ರಿಕರ್ವ್ ಬಿಲ್ಲು. ಮೇಪಲ್ ಮರದ ತೆಳುಪಟ್ಟಿಗಳನ್ನು ಗಾಜುನಾರಿನ ಜೊತೆ ಅಂಟಿಸಿ ಮಾಡಿದ್ದು. ಊರಿನ ಗಣಿ ಮುಚ್ಚಿ ಕೆಲಸ ಹೋದ ವರ್ಷ ನೀಲೊ ಅದನ್ನು ಕೊಂಡು ತಂದಿದ್ದ. ಮನೆಯಲ್ಲಿ ಹಿಟ್ಟಿಲ್ಲದಿದ್ದಾಗ ಬಿಲ್ಲು ತರುವ ಗಂಡಸನ್ನು ಹೆಂಡತಿ ಏನನ್ನಬೇಕೋ ಅದನ್ನೆಲ್ಲ ಅಂದಿದ್ದಳು. ಆ ಚಳಿಗಾಲ ಮನೆಯವರೆಲ್ಲ ಜಿಂಕೆಯ ಮಾಂಸ ತಿಂದು ಬದುಕಿದರು. ಆಮೇಲೆ ಅವಳು ಬಾಯಿ ಬಿಡಲಿಲ್ಲ.

ಅಪ್ಪ ಸತ್ತ ಮೇಲೆ ಬಿಲ್ಲು ಆರ್ವೊನ ಕೈಗೆ ಬಂತು. ಅಪ್ಪನ ಗುರಿ ಮಾತ್ರ ಬರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ನಾಲ್ಕು ಜಿಂಕೆ ಹೊಡೆದಿದ್ದ. ಅದರಲ್ಲಿ ಒಂದು ಆಗಲೇ ಕುಂಟುತ್ತಿತ್ತು. ಆದರೆ ಅವನ ಮಾತು ಕೇಳಿದವರಿಗೆ ಅರ್ಜುನನ ಖಾಸಾ ತಮ್ಮನೇ ಬಂದು ಊರಿನ ಸಹಕಾರಿ ಕೋಪ್ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದಾನೆ ಅನ್ನಿಸಬೇಕು. ಬೇರೆಯವರ, ತುದಿಗೆ ರಾಟೆಯಂಥ ಗಾಲಿ ಹಾಕಿದ ಹೊಸ ನಮೂನೆಯ ಬಿಲ್ಲುಗಳನ್ನು ಕಂಡರೆ ಸಾಕು, "ಇದೇನಪ್ಪ, ಜಿಂಕೆ ಹೊಡೆಯೋಕೋ, ಬಾವೀಲಿ ನೀರು ಸೇದೋಕೋ?" ಅನ್ನುತ್ತಿದ್ದ. ಹೆಂಡತಿ ಎಲ್ಮಾಳ ತಮ್ಮ ವಿಲ್ಬರ್ಟ್ ಭುಜನೋವಿನ ದೆಸೆಯಿಂದ, ಬಂದೂಕದ ಹಾಗೆ ಕುದುರೆ ಒತ್ತಿ ಬಿಡುವ ಅಡ್ಡಬಿಲ್ಲು ಕೊಂಡ ದಿನವಂತೂ ಹಬ್ಬ. "ಬಂದೂಕಕ್ಕೂ ಬಿಲ್ಲಿಗೂ ಕದ್ದು ಹುಟ್ಟಿದ ಕೂಸು ಇದು, ಹೆಸರಿಡೋಕೆ ಪಾದ್ರೀನ ಕರೆಸೋ," ಎಂದು ಇಡೀ ಅಂಗಡಿಯ ಎದುರು ಹೇಳಿದ. ವಿಲ್ಬರ್ಟ್ ಮಾತು ಕಮ್ಮಿಯ ಮನುಷ್ಯ. ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡ. ಆರು ವರ್ಷದಿಂದ ಆ ಕೂಸಿನ ಮಾತು ನಡೆದೇ ಇತ್ತು.

ಈ ವರ್ಷ ಸೆಪ್ಟೆಂಬರಿನಲ್ಲಿ ಹತ್ತು ದಿನ ಬಿಡದೆ ಜಿಟಿಜಿಟಿ ಹಿಡಿಯಿತು. ಬೇಟೆಯ ಕಾಲ ಶುರುವಾಗುವುದು ಅಕ್ಟೋಬರ್ ಒಂದಕ್ಕೆ. ಬಿಲ್ಲಿಗೆ ಥಂಡಿ ಹತ್ತಿದೆ ಎಂದು ಆರ್ವೊನಿಗೆ ಅನುಮಾನ ಬಂತು. ಥಂಡಿ ಹತ್ತಿದರೆ ಏನು ಮಾಡಬೇಕು? ಈ ಊರಿನ ಫಿನ್ನಿಷ್ ಜನಕ್ಕೆ ಇದಕ್ಕೆ ಒಂದೇ ಉತ್ತರ. ಸೌನಾ, ಸಾರಾಯಿ, ಡಾಂಬರು, ಈ ಮೂರಕ್ಕೂ ಬಗ್ಗದ ರೋಗ ಸಾವಿಗೇ ಸೈ ಎನ್ನುವವರು ಇವರು. ಹಿತ್ತಿಲಿನ ಸೌನಾದಲ್ಲೇ ಮಕ್ಕಳನ್ನು ಹೆತ್ತಿದ್ದಾರೆ, ಹೆಣ ತೊಳೆದಿದ್ದಾರೆ. ನೆಗಡಿ, ಬೆನ್ನುನೋವು, ಗಂಡಹೆಂಡಿರ ಜಗಳ, ಎಲ್ಲಕ್ಕೂ ಆ ಮರದ ಬಿಸಿಕೋಣೆಯೇ ಔಷಧಿ. ಒಂದು ಬಿಲ್ಲಿನ ಥಂಡಿ ಯಾವ ಲೆಕ್ಕ?

ಶನಿವಾರ ಮಧ್ಯಾಹ್ನ ಒಲೆ ಹೊತ್ತಿಸಿ, ಬಿಲ್ಲನ್ನು ಮೇಲಿನ ಹಲಗೆಯ ಮೇಲೆ ಟವೆಲ್ ಹಾಸಿ ಮಲಗಿಸಿದ. ಹತ್ತೇ ನಿಮಿಷ ಅಂದುಕೊಂಡ. ಅಷ್ಟರಲ್ಲಿ ಪಕ್ಕದ ಮನೆಗೆ ಹೊಸದಾಗಿ ಬಂದ ಮೇಷ್ಟ್ರು ಬೇಲಿಯ ಹತ್ತಿರ ಕಾಣಿಸಿಕೊಂಡರು. ಪಾಪದ ಮನುಷ್ಯ, "ಬೇಟೆ ಶುರುವಾಗುತ್ತಂತಲ್ಲ," ಎಂದು ಬಾಯಿತಪ್ಪಿ ಕೇಳಿಬಿಟ್ಟರು.

ಆರ್ವೊ ಬೇಲಿಗೆ ಮೊಣಕೈ ಊರಿದ. ಬಿಲ್ಲನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಬಗ್ಗೆ ಐವತ್ತು ನಿಮಿಷ ಪಾಠವಾಯಿತು. ಗೋಡೆಗೆ ಒರಗಿಸಬಾರದು, ಹೆದೆಗೆ ಮೇಣ ಹಚ್ಚಬೇಕು, ಬಾಣವಿಲ್ಲದೆ ಎಳೆದು ಬಿಡಬಾರದು. "ಮುಖ್ಯವಾಗಿ ಬಿಸಿಲಲ್ಲಿ ಕಾರೊಳಗೆ ಬಿಡಬಾರದು ಮೇಷ್ಟ್ರೇ. ಅಂಟು ಸಡಿಲ ಆಗುತ್ತೆ. ಕೆಲವು ಮುಠ್ಠಾಳರು ಹಂಗೆ ಮಾಡ್ತಾರೆ!" ಎಂದು ಬೆರಳೆತ್ತಿ ಹೇಳುವಾಗ ಅವನ ಬೆನ್ನ ಹಿಂದೆ ಸೌನಾದ ಚಿಮಣಿ ದಟ್ಟವಾಗಿ ಹೊಗೆ ಬಿಡುತ್ತಿತ್ತು. ಊರಿಗೆಲ್ಲ ಉಪದೇಶ ಹೇಳಿ ತಾವು ಬದನೆಕಾಯಿ ತಿನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಉಪದೇಶ ಹೇಳುತ್ತಿರುವಾಗಲೇ ಬದನೆಕಾಯಿಯನ್ನು ಬೇಯಲು ಇಟ್ಟವನು ಇವನೊಬ್ಬನೇ.

ನೆನಪಾಗಿ ಓಡಿ ಬಂದಾಗ ಬಿಲ್ಲು ಕೈ ಸುಡುತ್ತಿತ್ತು. ನೋಡಲು ಚೆನ್ನಾಗಿಯೇ ಇತ್ತು, ಇನ್ನೂ ಹೊಳೆಯುತ್ತಿತ್ತು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹೆದೆ ಏರಿಸಿ ಗಲ್ಲದವರೆಗೆ ಎಳೆದ. ಚಟ್ ಎಂದಿತು. ಮೇಲಿನ ತೋಳು ಪಟ್ಟಿಪಟ್ಟಿಯಾಗಿ ಬಿಚ್ಚಿಕೊಂಡು ನಡುವೆ ಮುರಿಯಿತು, ಹೆದೆ ಅವನ ಕೆನ್ನೆಗೆ ಬಾರಿಸಿತು.

ಎಲ್ಮಾ ಕಿಟಕಿಯಿಂದ ನೋಡಿ ಹೊರಗೆ ಬಂದಳು. ಅವನು ಹಸಿ ಹುಲ್ಲಿನ ಮೇಲೆ ಮಂಡಿಯೂರಿ ಸಿಬಿರುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದ.

"ಕೆನ್ನೆ ಊದಿದೆ," ಎಂದಳು.

"ಇರಲಿ."

"ಮಂಜುಗಡ್ಡೆ ತರ್ಲಾ?"

"ಯಾರಿಗೂ ಹೇಳ್ಬೇಡ," ಎಂದ ಆರ್ವೊ. "ನಿನ್ ತಮ್ಮನಿಗಂತೂ ಸತ್ರೂ ಹೇಳ್ಬೇಡ. ಆಣೆ ಇಡು."

ಅವಳು ಆಣೆ ಇಟ್ಟಳು. ಒಂಬತ್ತು ದಿನ ಉಳಿದಿತ್ತು. ಆರ್ವೊ ನೆಲಮಾಳಿಗೆಗೆ ಹೋಗಿ ಅಂಟು ಹಾಕಿದ, ಕ್ಲಾಂಪುಗಳಲ್ಲಿ ಬಿಗಿದ, ಎರಡು ದಿನ ಕಾದ. ಬೆರಳಿನಿಂದ ಮೆಲ್ಲಗೆ ಒತ್ತಿದ್ದಕ್ಕೇ ಅದು ಮತ್ತೆ ಬಾಯಿ ತೆರೆಯಿತು. ಕೊನೆಗೆ ಕಪ್ಪು ಟೇಪು ಸುತ್ತಿ ಹೆದೆಯನ್ನು ಸಡಿಲವಾಗಿ ಕಟ್ಟಿದ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಬಿಲ್ಲು ಬಿಲ್ಲಿನ ಹಾಗೇ ಕಾಣುತ್ತಿತ್ತು. ಬಾಣ ಬಿಡುವ ಕೆಲಸವೊಂದು ಬಿಟ್ಟು ಮಿಕ್ಕೆಲ್ಲಕ್ಕೂ ಆದೀತು.

ಆ ವಾರ ಕೋಪ್ ಅಂಗಡಿಯಲ್ಲಿ ಆರ್ವೊನ ನಾಲಿಗೆ ಎಂದಿಗಿಂತ ಹರಿತವಾಗಿತ್ತು. ಹೆದರಿದವನು ಜೋರಾಗಿ ಹಾಡುತ್ತಾನಲ್ಲ, ಹಾಗೆ. ಗಾಲಿ ಬಿಲ್ಲಿನವರನ್ನೂ ಅಡ್ಡಬಿಲ್ಲಿನವರನ್ನೂ ಸಾಲಾಗಿ ನಿಲ್ಲಿಸಿ ಝಾಡಿಸಿದ. ವಿಚಿತ್ರವೆಂದರೆ ಯಾರೂ ತಿರುಗಿ ಮಾತಾಡಲಿಲ್ಲ. ಎಲ್ಲರೂ ಕಾಫಿಗೆ ನಿಸು ಎಂಬ ಏಲಕ್ಕಿ ರೊಟ್ಟಿ ಅದ್ದಿಕೊಂಡು ತಿನ್ನುತ್ತ, ಹೌದು ಹೌದು ಎಂದರು. ಗುರುವಾರ ವಿಲ್ಬರ್ಟ್ ಬಾಗಿಲ ಹತ್ತಿರ ಅವನನ್ನು ತಡೆದು, ಟೋಪಿ ತಿರುವುತ್ತ, "ಭಾವ, ನನ್ನ ಹಳೇ ಗಾಲಿ ಬಿಲ್ಲು ಸುಮ್ನೆ ಬಿದ್ದಿದೆ. ಈ ವರ್ಷ ಬೇಕಾದ್ರೆ..." ಎಂದ.

"ನಮ್ ಬಾವೀಲಿ ಪಂಪು ಇದೆ ಕಣೋ," ಎಂದ ಆರ್ವೊ.

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಇಡೀ ಊರು ತನ್ನ ಮಾತಿಗೆ ಸೋತುಹೋಗಿದೆ ಎಂದು ಆರ್ವೊ ಖುಷಿಯಿಂದ ಮನೆಗೆ ಹೋದ. ಬಿದ್ದರೂ ಮೀಸೆ ಮಣ್ಣಾಗದ ಜಾತಿ.

ಅಕ್ಟೋಬರ್ ಒಂದರ ಬೆಳಿಗ್ಗೆ ಉಣ್ಣೆಯ ಅಂಗಿ ತೊಟ್ಟು, ಟೇಪು ಸುತ್ತಿದ ಬಿಲ್ಲನ್ನು ಹೆಗಲಿಗೇರಿಸಿದಾಗ ಎಲ್ಮಾ ಪಾಸ್ಟಿ ಕಡುಬನ್ನು ಕಾಗದದಲ್ಲಿ ಕಟ್ಟುತ್ತಿದ್ದಳು.

"ಅದನ್ನ ಯಾಕೆ ಹೊತ್ಕೊಂಡು ಹೋಗ್ತೀಯ?"

"ಬೇಟೆಗೆ ಬರಿಗೈಲಿ ಹೋಗ್ತಾರಾ?"

"ಇಲ್ಲ ಬಿಡು," ಎಂದಳು. "ಹಂಗೆ ಹೋದ್ರೆ ಜನ ಹುಚ್ಚ ಅಂದಾರು."

ಅವನು ಕೂರುವುದು ಅಪ್ಪ ಕೂರುತ್ತಿದ್ದ ಜಾಗದಲ್ಲೇ, ಸೀಡರ್ ಜೌಗಿನ ಅಂಚಿನಲ್ಲಿ ಬಿದ್ದ ದೊಡ್ಡ ಹೆಮ್ಲಾಕ್ ಮರದ ಹಿಂದೆ. ವಿಲ್ಬರ್ಟ್ ಕಾಲು ಮೈಲಿ ಆಚೆ ತನ್ನ ಜಮೀನಿನಲ್ಲಿ ಕೂರುತ್ತಾನೆ. ಆರ್ವೊ ಶಿಸ್ತಾಗಿ ಗಾಳಿಯ ದಿಕ್ಕು ನೋಡಿದ, ಕೆಮ್ಮು ನುಂಗಿದ, ಬಾಣವನ್ನು ಹೆದೆಗೆ ಸಿಕ್ಕಿಸಿದ. ಯಾರಿಗೆ ತೋರಿಸಲಿಕ್ಕೋ, ಅಳಿಲಿಗೇ ಗೊತ್ತು.

ಎಂಟು ಗಂಟೆಯ ಸುಮಾರಿಗೆ ಅದು ಬಂತು. ಹತ್ತು ಕವಲಿನ ಕೊಂಬಿನ ಗಂಡುಜಿಂಕೆ, ಕರುವಿನಷ್ಟು ದಪ್ಪ. ಇಪ್ಪತ್ತೆಂಟು ವರ್ಷ ಆ ಮರದ ಹಿಂದೆ ಕೂತು ಬೆನ್ನು ಹಿಡಿಸಿಕೊಂಡವನಿಗೆ ಒಮ್ಮೆಯೂ ಅಂಥದ್ದು ಕಂಡಿರಲಿಲ್ಲ. ಹನ್ನೆರಡು ಹೆಜ್ಜೆಯ ದೂರದಲ್ಲಿ, ಚಿತ್ರ ಬರೆಯುವವನ ಎದುರು ನಿಲ್ಲುವಂತೆ ಪಕ್ಕೆ ತೋರಿಸಿ ನಿಂತು ಸೊಪ್ಪು ಮೇಯತೊಡಗಿತು. ಕುರುಡ ಹೊಡೆದರೂ ತಪ್ಪುತ್ತಿರಲಿಲ್ಲ.

ಆರ್ವೊನ ಎಡಗೈ ತಾನಾಗಿ ಎದ್ದಿತು. ಬಲಗೈ ಹೆದೆ ಹಿಡಿಯಿತು. ಒಂದು ಅಂಗುಲ ಎಳೆದನೋ ಇಲ್ಲವೋ, ಟೇಪಿನ ಒಳಗೆ ಮರ ಕಿರುಗುಟ್ಟಿತು. ಕೈ ಇಳಿಸಿದ. ಜಿಂಕೆ ತಲೆಯೆತ್ತಿ ಅವನನ್ನೇ ನೋಡಿತು. ಓಡಲೂ ಇಲ್ಲ. ಇವನಿಂದ ಏನೂ ಆಗದು ಎಂದು ಅದಕ್ಕೂ ಗೊತ್ತಾಗಿರಬೇಕು. ಇನ್ನೊಂದು ಬಾಯಿ ಸೊಪ್ಪು ತಿಂದು, ನಿಧಾನವಾಗಿ ವಿಲ್ಬರ್ಟನ ಕಡೆಗೆ ನಡೆಯಿತು. ಅಪ್ಪ ಬದುಕಿದ್ದಿದ್ದರೆ, ಎಂದು ಆರ್ವೊ ಯೋಚಿಸಿದ. ಮುಂದೆ ಯೋಚಿಸಲು ಧೈರ್ಯವಾಗಲಿಲ್ಲ.

ಅರ್ಧ ಗಂಟೆಯಾದ ಮೇಲೆ ಆಚೆ ಕಡೆಯಿಂದ ವಿಲ್ಬರ್ಟನ ಕೂಗು ಕೇಳಿತು. ಬೇಟೆ ಬಿದ್ದರೆ ಹತ್ತಿರದಲ್ಲಿ ಕೂತವನು ಹೋಗಿ ಎಳೆಯಲು ಕೈಹಚ್ಚಬೇಕು. ಇಲ್ಲಿ ಮಾತು ಬಿಟ್ಟವರೂ ಅದನ್ನು ತಪ್ಪಿಸುವುದಿಲ್ಲ. ಆರ್ವೊ ಹೋದ. ಅದೇ ಜಿಂಕೆ. ವಿಲ್ಬರ್ಟ್ ಕೊಂಬಿಗೆ ಹಗ್ಗ ಕಟ್ಟುತ್ತಿದ್ದ. ಅಡ್ಡಬಿಲ್ಲನ್ನು ಪೊದೆಯ ಹಿಂದೆ, ಭಾವನ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದ.

ಇಬ್ಬರೂ ಹಗ್ಗ ಹಿಡಿದು ಜೌಗಿನಲ್ಲಿ ಎಳೆಯತೊಡಗಿದರು. ನೂರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದರು. ಮೂರನೆಯ ಸಲ ನಿಂತಾಗ ಆರ್ವೊನಿಗೆ ತಡೆಯಲಾಗಲಿಲ್ಲ.

"ನನ್ ಮುಂದೇನೇ ಹೋಯ್ತು ಇದು. ಹನ್ನೆರಡು ಹೆಜ್ಜೆ."

ವಿಲ್ಬರ್ಟ್ ಹಗ್ಗದ ಗಂಟನ್ನು ಇನ್ನಷ್ಟು ಬಿಗಿದ.

"ಬಿಲ್ಲು ಮುರಿದಿದೆ ಕಣೋ. ಸೌನಾದಲ್ಲಿಟ್ಟು ಬೇಯಿಸಿಬಿಟ್ಟೆ."

"ಗೊತ್ತು ಭಾವ."

"ಗೊತ್ತಾ? ಎಲ್ಮಾ ಹೇಳಿದ್ಲಾ?"

"ಅಕ್ಕ ಹೇಳ್ಲಿಲ್ಲ. ಬೇಲಿ ಆಚೆಯಿಂದ ಮೇಷ್ಟ್ರು ನೋಡಿದ್ರಂತೆ. ನೀನು ಹುಲ್ಲಲ್ಲಿ ಕೂತು ಚೂರು ಹೆಕ್ತಾ ಇದ್ದಿದ್ದನ್ನ. ಸೋಮವಾರವೇ ಕೋಪಿಗೆ ಬಂದು ಹೇಳಿದ್ರು."

"ಯಾರ್ಯಾರಿಗೆ?"

"ಎಲ್ರೂ ಇದ್ರು."

ಆರ್ವೊನ ಕೈಯಿಂದ ಹಗ್ಗ ಜಾರಿತು. ಆ ವಾರ ತಾನು ಆಡಿದ ಒಂದೊಂದು ಮಾತೂ, ಅದಕ್ಕೆ ಅವರು ಹೌದು ಹೌದು ಎಂದು ತಲೆಯಾಡಿಸಿದ್ದೂ ಸಾಲಾಗಿ ನೆನಪಾಯಿತು. ಸೋತು ಸುಮ್ಮನಿದ್ದಾರೆ ಎಂದುಕೊಂಡಿದ್ದನಲ್ಲ, ಅವರು ಕನಿಕರಪಟ್ಟು ಸುಮ್ಮನಿದ್ದರು. ಅಪ್ಪನ ಹೆಣಪೆಟ್ಟಿಗೆ ಇಳಿಸುವಾಗಲೂ ಒದ್ದೆಯಾಗದ ಕಣ್ಣು ಈಗ ಈ ಕೆಸರಿನಲ್ಲಿ, ಭಾವಮೈದನ ಎದುರಿನಲ್ಲಿ ತುಂಬಿ ಬಂತು.

"ಒಬ್ನೂ ನಗಲಿಲ್ವೇನೋ?"

"ನಿಮ್ಮಪ್ಪನ ಬಿಲ್ಲು ಭಾವ ಅದು. ಅದರಲ್ಲಿ ನಗೋಕೇನಿದೆ?"

"ನೀನಾದ್ರೂ ನಗೋ," ಎಂದ ಆರ್ವೊ. "ಒಂದೇ ಒಂದ್ಸಲ ನಕ್ಕುಬಿಡೋ ಮಾರಾಯ. ನಿನ್ ಬಿಲ್ಲು ಮುರಿದಿದ್ರೆ ನಾನು ನಗ್ತಿದ್ದೆ."

"ಗೊತ್ತು," ಎಂದ ವಿಲ್ಬರ್ಟ್. ಕೆಸರಿನಲ್ಲಿ ಬಿದ್ದಿದ್ದ ಹಗ್ಗವನ್ನು ಎತ್ತಿ ಅವನ ಕೈಗೆ ಕೊಟ್ಟ. "ಎಳಿ ಈಗ."