ಟವರಿಗೆ ಹೇಳಿದ ಮಾತು
ಸಿಂಗಟಗೆರೆಯ ಪಾಪಮ್ಮ ಆಣೆಗೆ ತಪ್ಪುವ ಹೆಂಗಸಲ್ಲ. ಬಿದ್ದ ತೆಂಗಿನ ಗರಿಯೊಂದಕ್ಕೆ ಜಗಳವಾಗಿ, ಪಕ್ಕದ ಮನೆಯ ಕಿರಿಯ ವಾರಗಿತ್ತಿ ತೀರ್ಥಮ್ಮನ ಜೊತೆ ಮಾತಾಡುವುದಿಲ್ಲವೆಂದು ಮನೆದೇವರ ಮೇಲೆ ಆಣೆ ಇಟ್ಟಿದ್ದಾರೆ. ಆದರೆ ಅವರಿಗೆ ದಿನಾ ಫೋನು ಮಾತ್ರ ಮಾಡುತ್ತಾರೆ. ಯಾರಾದರೂ ಕೇಳಿದರೆ, "ನಾ ಮಾತಾಡೋದು ಟವರ್ ಜೊತೆ ಕಣಪ್ಪ. ನನ್ನ ಮಾತು ನೆಲದೊಳಗಿನ ಕೇಬಲ್ ಹಿಡ್ಕೊಂಡು ಬೀರೂರಿಗೆ ಹೋಗಿ ಬತ್ತದೆ, ಆಮೇಲೆ ಟವರೇ ಅವ್ಳಿಗೆ ಹೇಳ್ತದೆ. ಆಣೆ ಎಲ್ಲಿ ಮುರೀತು?" ಎನ್ನುತ್ತಾರೆ. ಹೀಗಾಗಿ ಸಾರಿಗೆ ಉಪ್ಪು ಕೇಳಿದರೂ ಅದು ಬೀರೂರು ನೋಡಿಕೊಂಡೇ ಬರಬೇಕು. ಮೊನ್ನೆ ಸಿಗ್ನಲ್ಲೇ ಇರಲಿಲ್ಲ. ಗೋಡೆಯಾಚೆ ತೀರ್ಥಮ್ಮ ಒಂದೇ ಸಮನೆ ಕೆಮ್ಮುತ್ತಿದ್ದರು. ಪಾಪಮ್ಮ ಹಿತ್ತಿಲಿಗೆ ಬಂದು, ದೂರದ ಟವರಿನತ್ತ ಮುಖ ಮಾಡಿ ಕೂಗಿದರು: "ಟವರಪ್ಪಾ, ಕಷಾಯ ಕಾಸಿದೀನಿ, ಬಂದು ಕುಡೀಲಿ ಅನ್ನು ಅವ್ಳಿಗೆ!" ಗೋಡೆಯಾಚೆಯಿಂದ ತೀರ್ಥಮ್ಮನ ಉತ್ತರ ಬಂತು: "ಟವರಪ್ಪಾ, ಬೆಲ್ಲ ಜಾಸ್ತಿ ಹಾಕ್ಲಿ, ಬತ್ತೀನಿ ಅಂತ ಹೇಳು ಅಕ್ಕಂಗೆ."