ಚೀಟಿಯನ್ನು ನಂಬದ ಮೇಡಂ

ಬೆಳಗ್ಗೆ ಏಳೂವರೆ. ಕೂಟಗಲ್ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಇನ್ನೂ ಗೇಟು ಕೂಡ ಪೂರ್ತಿ ತೆರೆದಿಲ್ಲ. ರಾಮನಗರದಿಂದ ಮೊದಲ ಬಸ್ಸಿಗೆ ಬಂದಿಳಿದ ಕೆಹಕಶಾನ್ ವಿಜ್ಞಾನದ ಕೋಣೆಯಲ್ಲಿ ದಾಸವಾಳದ ಎಸಳು ಅರೆಯುತ್ತಿದ್ದಾರೆ. ಪಕ್ಕದ ಬಾಟಲಿಗೆ ‘ಸುಣ್ಣದ ತಿಳಿ’ ಎಂಬ ಚೀಟಿ ಅಂಟಿದೆ. ಅಂಟಿಸಿದವರು ಅವರೇ. ಆದರೂ ಎರಡು ಹನಿ ದಾಸವಾಳದ ರಸಕ್ಕೆ ಬಿಟ್ಟು, ಅದು ಹಸಿರಾದ ಮೇಲೆಯೇ ಮಕ್ಕಳ ಮೇಜಿಗೆ ಇಡುತ್ತಾರೆ.

“ಚೀಟಿ ನಂಬಕ್ಕಾಗಲ್ಲ. ನಾನು ಬರ್ದಿದ್ದಾದ್ರೂ ಅಷ್ಟೇ” ಎನ್ನುತ್ತಾರೆ.

ಕೆಹಕಶಾನ್ ಇಲ್ಲಿ ಅತಿಥಿ ಶಿಕ್ಷಕಿ. ಆರು ವರ್ಷದಿಂದ ಮೂರು ತರಗತಿಗೆ, ನೂರಾ ಹನ್ನೊಂದು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದಾರೆ. ಈ ಅನುಮಾನದ ಬುದ್ಧಿ ಅವರಿಗೆ ಹತ್ತಿದ್ದು ಕಾಲೇಜಿನಲ್ಲಿ, ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಭಾನುಪ್ರಿಯ ಅವರಿಂದ.

ಬಿ.ಎಸ್ಸಿ. ಎರಡನೇ ವರ್ಷ. ಆಮ್ಲ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಪ್ರಯೋಗ. ಇಡೀ ತರಗತಿಗೆ ಇಪ್ಪತ್ತು ಮಿಲಿಲೀಟರ್ ಆಸುಪಾಸು ಬಂದರೆ, ಕೆಹಕಶಾನ್‌ಗೆ ಮಾತ್ರ ಇಪ್ಪತ್ಮೂರು ಚಿಲ್ಲರೆ. ಮೇಡಂ ರೆಕಾರ್ಡಿಗೆ ಸಹಿ ಹಾಕಲಿಲ್ಲ. ಸಂಜೆ ನಿಲ್ಲಲು ಹೇಳಿ, ಎದುರಿಗೇ ಮತ್ತೆ ಮಾಡಿಸಿದರು. ಮೊದಲ ಬೆಂಚಿನವರನ್ನು ಬಿಟ್ಟು, ರೇಷ್ಮೆ ನೂಲು ತೆಗೆಯುವವನ ಮಗಳನ್ನೇ ಹಿಡಿದುಕೊಂಡರಲ್ಲ, ಫೇಲು ಮಾಡಲೆಂದೇ ಇರಬೇಕು ಎಂದು ಹುಡುಗಿಗೆ ಗುಮಾನಿ. ಮತ್ತೆ ಇಪ್ಪತ್ಮೂರೇ ಬಂತು. ಆಮೇಲೆ ಮೇಡಂ ತಾವೇ ಮಾಡಿದರು. ಅವರಿಗೂ ಅಷ್ಟೇ.

ನಡೆದದ್ದು ಇಷ್ಟು: ಆ ವಾರ ಆಮ್ಲವನ್ನು ಹೊಸದಾಗಿ ಬೆರೆಸಿದ್ದರು, ಅದು ಒಸಿ ಗಟ್ಟಿಯಾಗಿತ್ತು. ಉಳಿದವರೆಲ್ಲ ಸೀನಿಯರ್‌ಗಳ ಹಳೇ ರೆಕಾರ್ಡು ನೋಡಿ ಬರೆದಿದ್ದರು. ಮರುದಿನ ಮೇಡಂ ತರಗತಿಯಲ್ಲಿ ನಿಂತು ಹೇಳಿದ ಮಾತು ಕೆಹಕಶಾನ್‌ಗೆ ಇನ್ನೂ ನೆನಪಿದೆ: “ನಾನು ಇವಳ ಮೇಲೆ ಅನುಮಾನಪಟ್ಟೆ. ತಪ್ಪು ನನ್ನದು.”

ಅಂದಿನಿಂದ ಸಂಜೆ ಹೊತ್ತು ಲ್ಯಾಬಿನಲ್ಲಿ ಗುರು, ಶಿಷ್ಯೆ ಇಬ್ಬರೇ. ಪ್ರಶ್ನೆ ಕೇಳಿದರೆ ಮೇಡಂ ಉತ್ತರ ಹೇಳುತ್ತಿರಲಿಲ್ಲ, ಬಾಟಲಿ ಕೊಡುತ್ತಿದ್ದರು. ಗೆಳತಿಯರು ಮಾತು ಬಿಟ್ಟರು. ಮಾರ್ಕ್ಸ್ ಗಿಟ್ಟಿಸಲು ಹಲ್ಲು ಗಿಂಜುತ್ತಾಳೆ ಎಂಬ ಸುದ್ದಿ ಮನೆಗೂ ಮುಟ್ಟಿತು. ತಂದೆ ನಜೀರ್ ಹೇಳದೆ ಕೇಳದೆ ಒಂದು ಸಂಜೆ ಲ್ಯಾಬಿನ ಬಾಗಿಲಲ್ಲಿ ನಿಂತರು. ಮೇಡಂ ಸ್ಟೂಲು ಎಳೆದು ಕೂರಿಸಿದರು. ಒಂದು ಗಂಟೆ ನೋಡಿದ ನಜೀರ್ ಎದ್ದು, “ನಾಳೆ ಒಸಿ ಲೇಟಾದ್ರೂ ಪರವಾಗಿಲ್ಲ” ಎಂದಷ್ಟೇ ಮಗಳಿಗೆ ಹೇಳಿ ಹೋದರು.

ಈಗ ಅದೇ ಅನುಮಾನ ಕೆಹಕಶಾನ್ ಬೆನ್ನಿಗಿದೆ. ಒಂಬತ್ತನೇ ತರಗತಿಯ ರಮ್ಯಾಳನ್ನು ಶಾಲೆ ಬಿಟ್ಟ ಮೇಲೂ ಅರ್ಧ ಗಂಟೆ ಪ್ರಯೋಗಕ್ಕೆ ನಿಲ್ಲಿಸಿಕೊಳ್ಳುತ್ತಾರೆ. ಊರಲ್ಲಿ ಪಿಸುಮಾತು ಎದ್ದಿತು. ಮೇಡಂ ಮನೆಗೆಲಸಕ್ಕೆ ಕರೆದುಕೊಳ್ಳುತ್ತಾರಂತೆ ಎಂದವರೂ ಉಂಟು. ಹೋದ ತಿಂಗಳು ರಮ್ಯಾಳ ತಾಯಿ ಮಾಯಮ್ಮ ಬಂದೇಬಿಟ್ಟರು.

“ಇಷ್ಟು ಮಕ್ಳವ್ರೆ, ನನ್ ಮಗ್ಳೊಬ್ಳನ್ನೇ ಯಾಕ್ ನಿಲ್ಲಿಸ್ಕತೀರಿ?”

ಅವಳೊಬ್ಬಳೇ ನನ್ನ ಮಾತು ನಂಬಲ್ಲ, ಅದಕ್ಕೆ ಎಂದರು ಕೆಹಕಶಾನ್. ಮಾಯಮ್ಮ ಇದನ್ನು ದೂರು ಎಂದುಕೊಂಡು ಮಗಳನ್ನು ಗದರಿದರಂತೆ. ಬೈಬೇಡಿ, ಕೂತು ನೋಡಿ ಎಂದು ಕೆಹಕಶಾನ್ ಒಪ್ಪಿಸಬೇಕಾಯಿತು. ಮಾಯಮ್ಮ ಪೂರ್ತಿ ನಂಬಿದ್ದಾರೆಂದು ಹೇಳಲಾಗದು. ಈಗಲೂ ವಾರಕ್ಕೊಮ್ಮೆ ಕಿಟಕಿಯಲ್ಲಿ ಇಣುಕಿ ಹೋಗುತ್ತಾರೆ. ಅದು ಒಳ್ಳೆಯದೇ ಎನ್ನುತ್ತಾರೆ ಕೆಹಕಶಾನ್.

ಅವರಿಗೆ ಅನುಮಾನವಿರುವುದು ಜೂನ್ ತಿಂಗಳ ಮೇಲೆ. ಅತಿಥಿ ಶಿಕ್ಷಕರ ಪಟ್ಟಿ ಪ್ರತಿ ವರ್ಷ ಆಗಲೇ ಹೊಸದಾಗಿ ಬರುವುದು. ಹೆಸರು ಇರುತ್ತದೆ ಎಂದು ಯಾರು ಎಷ್ಟೇ ಭರವಸೆ ಕೊಟ್ಟರೂ ಕಣ್ಣಾರೆ ನೋಡುವ ತನಕ ನಂಬುವುದಿಲ್ಲ.

“ಪರ್ಮನೆಂಟ್ ಆಗ್ಲಿ ಅಂತ ಕೇಳಲ್ಲ. ರಮ್ಯಾ ಹತ್ತನೇ ಕ್ಲಾಸ್ ಮುಗ್ಸೋ ತನಕ ಇಲ್ಲೇ ಇರಕ್ಕೆ ಬುಟ್ರೆ ಸಾಕು. ಅವ್ಳ ಪ್ರಶ್ನೆ ಇನ್ನೂ ಮುಗ್ದಿಲ್ಲ.”